ಧರ್ಮಕ್ಕೆ ಸಿಕ್ಕ ಧರ್ಮದರ್ಶಿಗಳು

ಟ್ರಸ್ಟಿಯನ್ನು ಕನ್ನಡದಲ್ಲಿ ಧರ್ಮದರ್ಶಿ ಎನ್ನುತ್ತಾರೆ. ದೇವಸ್ಥಾನದಲ್ಲಿ ಧರ್ಮದರ್ಶನವೆಂದರೆ ಚೀಟಿ ಕೊಳ್ಳದೆ ನಿಲ್ಲುವ ಸಾಲು. ಈ ಎರಡು ಪದಗಳಿಗೂ ಎಲ್ಲೋ ನಂಟಿರಬೇಕು ಎಂದು ನನಗೆ ಖಾತ್ರಿಯಾದದ್ದು ನಾನೇ ಧರ್ಮದರ್ಶಿಯಾದ ಮೇಲೆ. ಶಿವಮೊಗ್ಗದ ಒಂದು ಟ್ರಸ್ಟಿನವರು ಮನೆ ಹುಡುಕಿಕೊಂಡು ಬಂದು ನನ್ನನ್ನು ಆರಿಸಿದರು. ನನಗಿದ್ದ ಅರ್ಹತೆ ಇಷ್ಟು: ನಿವೃತ್ತಿಯಾಗಿದೆ, ಅಕ್ಷರ ದುಂಡಗಿದೆ, ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಅಂದಿನಿಂದ ಟ್ರಸ್ಟಿನ ನಡಾವಳಿ ಪುಸ್ತಕ ನನ್ನ ಕಂಕುಳಲ್ಲಿದೆ.

ನಮ್ಮ ಟ್ರಸ್ಟಿನ ಉದ್ದೇಶ ಮಲೆನಾಡಿನ ಸಣ್ಣ ಸಮುದಾಯಗಳ ಸಂಘಗಳಿಗೆ ಒತ್ತಾಸೆಯಾಗುವುದು. ಹಸಲರು, ಗೌಡಲು, ಮಲೆಕುಡಿಯರು, ಹಕ್ಕಿಪಿಕ್ಕಿಗಳು ಹೀಗೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 50 ಹೆಸರುಗಳಿವೆ. ನಮ್ಮ ಅಧ್ಯಕ್ಷರಿಗೆ ನಾಲ್ಕು ಬಾಯಿಪಾಠವಾಗಿವೆ. ಐದನೆಯದಕ್ಕೆ ಬಂದಾಗ ‘ಮತ್ತಿತರರು’ ಎಂದು ಕೈ ಆಡಿಸುತ್ತಾರೆ. ಧರ್ಮದರ್ಶಿಗಳು ಒಟ್ಟು ಒಂಬತ್ತು ಮಂದಿ. ನಿವೃತ್ತ ಅಧಿಕಾರಿ, ನಿವೃತ್ತ ಬ್ಯಾಂಕ್ ಮ್ಯಾನೇಜರ್, ನಿವೃತ್ತ ಎಂಜಿನಿಯರ್, ನಿವೃತ್ತ ಪ್ರಾಂಶುಪಾಲರು, ಅಡಿಕೆ ಮಂಡಿಯ ಯಜಮಾನರು, ಒಬ್ಬ ಡಾಕ್ಟರು, ಏನು ಉದ್ಯೋಗವೆಂದು ಯಾರಿಗೂ ಗೊತ್ತಿಲ್ಲದ ಇಬ್ಬರು ಸಮಾಜಸೇವಕರು, ಜೊತೆಗೆ ನಾನು. ಹಸಲರು ಎಷ್ಟು ಜನ, ಹಕ್ಕಿಪಿಕ್ಕಿಗಳು ಎಷ್ಟು ಜನ ಎಂದು ಕೇಳಬೇಡಿ. ಅವರ ಬಗ್ಗೆ ನಮಗೆ ಎಷ್ಟು ಕಾಳಜಿಯೆಂದರೆ, ಸಭೆಗೆ ಕರೆದು ತೊಂದರೆ ಕೊಡಲು ಮನಸ್ಸೇ ಬರುವುದಿಲ್ಲ.

ಪೂಜೆಗೆ ಮೊದಲು ಸಂಕಲ್ಪ ಮಾಡುವಂತೆ ಪ್ರತಿ ಸಭೆಯ ಆರಂಭದಲ್ಲಿ ಅಧ್ಯಕ್ಷರು ಒಂದು ಮಾತು ಹೇಳುತ್ತಾರೆ: “ನಾವ್ಯಾರೂ ಒಂದು ರೂಪಾಯಿ ಮುಟ್ಟುವವರಲ್ಲ. ಇದು ನಿಸ್ವಾರ್ಥ ಸೇವೆ.” ಎಂಟು ತಲೆಗಳು ಅಲ್ಲಾಡುತ್ತವೆ. ಆಮೇಲೆ ಖಜಾಂಚಿಗಳು ತೆರಿಗೆ ವಿನಾಯಿತಿಯ ಕಲಮುಗಳನ್ನು 12ಎ, 80ಜಿ ಎಂದು ಮಂತ್ರಪುಷ್ಪದಂತೆ ಪಠಿಸುತ್ತಾರೆ. ಆಮೇಲೆ ಗೋಳಿಬಜೆ. ಸಂಬಳ ತೆಗೆದುಕೊಳ್ಳುವವನನ್ನು ಯಾರಾದರೂ ಪ್ರಶ್ನಿಸಬಹುದು. ಧರ್ಮಕ್ಕೆ ದುಡಿಯುವವನನ್ನು ಪ್ರಶ್ನಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ.

ಕಳೆದ ಬೇಸಿಗೆಯಲ್ಲಿ ಹಕ್ಕಿಪಿಕ್ಕಿ ಯುವಕರಿಗೆ ‘ಮಾರುಕಟ್ಟೆ ಮತ್ತು ಸಂವಹನ ಕೌಶಲ’ ಎಂಬ ಕಾರ್ಯಾಗಾರ ನಡೆಸಿದೆವು. ಪ್ರಾಂಶುಪಾಲರು ಒಂದು ಗಂಟೆ ಮಾತನಾಡಿದರು. ಸಂಕೋಚ ಬಿಡಬೇಕು, ನಾಲ್ಕು ಜನರ ಜೊತೆ ಬೆರೆಯಬೇಕು, ತಯಾರಿಸಿದ ಸರಕನ್ನು ಕನಿಷ್ಠ ಪಕ್ಕದ ತಾಲ್ಲೂಕಿಗಾದರೂ ಒಯ್ದು ಮಾರುವ ಧೈರ್ಯ ಬೇಕು ಎಂದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸರ್, ನಾನು ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ. ಅಲ್ಲಿ ಯಾವ ಕೌಶಲ ಬಳಸಬೇಕು?” ಎಂದು ಕೇಳಿದ. ವಿನಯದಿಂದಲೇ ಕೇಳಿದ, ಅದೇ ಕಷ್ಟವಾದದ್ದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರೆಂದು, ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಕರೆತಂದರೆಂದು ಪತ್ರಿಕೆಯಲ್ಲಿ ಓದಿದ್ದವರೇ ನಾವೆಲ್ಲ. ಕಾರ್ಯಾಗಾರದ ಕರಪತ್ರ ಬರೆಯುವಾಗ ಮಾತ್ರ ಅದು ಯಾರಿಗೂ ನೆನಪಾಗಲಿಲ್ಲ. ಮನೆಯಲ್ಲಿ ವಾಗ್ರಿ ಮಾತನಾಡಿ, ಬೀದಿಗಿಳಿದರೆ ಕನ್ನಡ, ಹಿಂದಿ, ತಮಿಳು ಎಂದು ನಾಲಿಗೆ ಹೊರಳಿಸುವವರಿಗೆ ಸಂವಹನ ಕಲಿಸಲು ಹೋಗಿದ್ದೆವು. ನಮ್ಮ ಒಂಬತ್ತು ಜನರಲ್ಲಿ ಪಾಸ್‌ಪೋರ್ಟ್ ಇರುವುದು ಇಬ್ಬರಿಗೆ. ಇಬ್ಬರೂ ಅದನ್ನು ಮಾಡಿಸಿದ್ದು ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು. ಹುಡುಗನಿಗೆ ಪ್ರಮಾಣಪತ್ರ ಕೊಟ್ಟೆವು. ಅವನ ಹೆಸರಿನ ಕಾಗುಣಿತ ತಪ್ಪಾಗಿತ್ತು.

ಇನ್ನು ಕಾಲುಸಂಕದ ವಿಷಯಕ್ಕೆ ಬರುತ್ತೇನೆ. ತೀರ್ಥಹಳ್ಳಿಯ ಆಚೆ ಹಸಲರ ಒಂದು ಕೇರಿ. ಹನ್ನೊಂದು ಮನೆ. ನಡುವೆ ಹಳ್ಳ. ಬೇಸಿಗೆಯಲ್ಲಿ ಕೋಳಿಮರಿಯೂ ದಾಟುವಷ್ಟು ನೀರು. ಆಷಾಢದಲ್ಲಿ ಅದರ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಪ್ರತಿವರ್ಷ ನಾಲ್ಕು ಅಡಿಕೆ ಮರ ಅಡ್ಡ ಹಾಕಿ, ಬಳ್ಳಿ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿಕೊಳ್ಳುತ್ತಾರೆ. ಶಾಲೆಯ ಮಕ್ಕಳು, ಉಪ್ಪಾಗೆ ಹೊತ್ತವರು, ಜ್ವರ ಬಂದವರು ಎಲ್ಲರಿಗೂ ಅದೇ ದಾರಿ. ಅವರ ಸಂಘದ ಅಧ್ಯಕ್ಷೆ ಅಡಿಕೆ ಸುಲಿಯಲು ಹೋಗುವ ಹೆಂಗಸು. ಬೆರಳ ತುದಿಗಳು ಚೊಗರಿನಿಂದ ಕಪ್ಪಾಗಿವೆ. ಆಕೆ ಟ್ರಸ್ಟಿಗೆ ಕೇಳಿದ್ದು ಎರಡು ಕಡೆ ಕಟ್ಟೆಗೆ ಸಿಮೆಂಟು, ಕಬ್ಬಿಣದ ಪೈಪು. ಕೆಲಸವನ್ನೆಲ್ಲ ಅವರೇ ಮಾಡಿಕೊಳ್ಳುತ್ತಾರೆ. ಒಟ್ಟು 32 ಸಾವಿರ ರೂಪಾಯಿ.

ನಮ್ಮಲ್ಲಿ ಹಾಗೆಲ್ಲ ಬಾಯಿಮಾತಿಗೆ ಹಣ ಕೊಡುವುದಿಲ್ಲ. 14 ಪುಟಗಳ ಅರ್ಜಿ ಇದೆ. ಮೊದಲು ಇಂಗ್ಲಿಷಿನಲ್ಲಿತ್ತು. ಜನಸ್ನೇಹಿಯಾಗಲಿ ಎಂದು ಪ್ರಾಂಶುಪಾಲರು ಕನ್ನಡಕ್ಕೆ ತಂದ ಮೇಲೆ ಇಂಗ್ಲಿಷಿನದೇ ವಾಸಿ ಎನ್ನುವಂತಾಯಿತು. ‘ಫಲಾನುಭವಿ ಸಬಲೀಕರಣದ ಮಾಪನೀಯ ಸೂಚಕಗಳನ್ನು ವಿಶದಪಡಿಸಿ’ ಎಂಬಲ್ಲಿ ಆಕೆ ಗೆರೆ ಎಳೆದು ಬಿಟ್ಟಿದ್ದಳು. ಉಳಿದ ಪ್ರಶ್ನೆಗಳಿಗೆ ಏಳನೇ ತರಗತಿಯ ಮಗಳ ಕೈಯಲ್ಲಿ ಉತ್ತರ ಬರೆಸಿದ್ದಳು. ‘ನಿಮ್ಮ ಸಂಘದ ದೂರದೃಷ್ಟಿ ಏನು?’ ಎಂಬುದಕ್ಕೆ ‘ಆಚೆ ದಡ ಕಾಣುತ್ತದೆ’ ಎಂದಿತ್ತು. ‘ಅಪಾಯ ನಿರ್ವಹಣೆ ಹೇಗೆ?’ ಎಂಬುದಕ್ಕೆ ‘ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು’. ನನಗೆ ಆ ಅರ್ಜಿಗೆ ಪೂರ್ತಿ ಅಂಕ ಕೊಡಬೇಕೆನ್ನಿಸಿತು. ಆದರೆ ನಾನು ನಡಾವಳಿ ಬರೆಯುವವನು, ಅಂಕ ಕೊಡುವವನಲ್ಲ. ಬ್ಯಾಂಕ್ ಮ್ಯಾನೇಜರ್ ಕನ್ನಡಕ ಏರಿಸಿ, “ಮೂರು ವರ್ಷದ ಲೆಕ್ಕ ಪರಿಶೋಧನಾ ವರದಿ ಎಲ್ಲಿ? ಅಡಿಕೆ ಮರ ಬಿಟ್ಟು ಪೈಪೇ ಏಕೆ? ಮೂರು ಕಡೆಯ ದರಪಟ್ಟಿ ಎಲ್ಲಿ?” ಎಂದರು. ಎಂಜಿನಿಯರ್ ಸಾಹೇಬರು ಹಳ್ಳದ ನೀರಿನ ವೇಗದ ಬಗ್ಗೆ ಪ್ರಮಾಣಪತ್ರ ಬೇಕೆಂದರು. ಅದನ್ನು ಯಾರು ಕೊಡಬೇಕೆಂದು ತೀರ್ಮಾನವಾಗದೆ ವಿಷಯವನ್ನು ಮುಂದಿನ ಸಭೆಗೆ ಹಾಕಿದೆವು. ಮುಂದಿನ ಸಭೆ ಮೂರು ತಿಂಗಳಿಗೆ. ಮಳೆ ಒಂದೂವರೆ ತಿಂಗಳಿಗೆ.

ನಾವು ಸುಮ್ಮನೆ ಕೂತಿದ್ದೆವೆಂದು ತಿಳಿಯಬಾರದು. ನಿಗದಿತ ಗಾತ್ರ ಮೀರಿದ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅಷ್ಟು ದೊಡ್ಡ ಕಂಪನಿಯೊಂದು ಮಾರ್ಚಿ ತಿಂಗಳ ಕೊನೆಗೆ ನಮ್ಮ ಕೈಗೆ ದುಡ್ಡು ಸುರಿಯಿತು. ಫೋಟೊ ಬೇಕೆಂದಿತು. ಹಾಗಾಗಿ ಸಮುದಾಯ ಸಂಘಗಳ ಸಮಾವೇಶ ಮಾಡಿದೆವು. ವೇದಿಕೆ, ಶಾಮಿಯಾನ, ಮೈಸೂರು ಪೇಟ, ಸಾಗರದಿಂದ ಗಂಧದ ಹಾರ, ಹಬೆಯಾಡುವ ಕಡುಬು. ಕಾಡಿನ ಮಕ್ಕಳಿಂದ ಕುಣಿತ. ಒಂಬತ್ತು ಧರ್ಮದರ್ಶಿಗಳಿಗೆ ಒಂಬತ್ತು ಶಾಲು. ಒಂದು ರೂಪಾಯಿಯನ್ನೂ ಮುಟ್ಟದ ನಾವು ಶಾಲು ಮುಟ್ಟಬಾರದೆಂದು ಎಲ್ಲೂ ಬರೆದಿಲ್ಲ. ನನ್ನ ಮನೆಯಲ್ಲಿ ಈಗ ಏಳಾಗಿವೆ. ನನ್ನ ಹೆಂಡತಿ ಒಂದನ್ನು ಇಸ್ತ್ರಿ ಮಾಡುವಾಗ ಕೆಳಗೆ ಹಾಸಿಕೊಳ್ಳುತ್ತಾಳೆ.

ಮಧ್ಯಾಹ್ನ ಅರಣ್ಯ ಹಕ್ಕು ಕಾಯ್ದೆಯ ತರಬೇತಿ. ಡಾಕ್ಟರು ಚೆನ್ನಾಗಿಯೇ ವಿವರಿಸಿದರು. 2006ರ ಕಾಯ್ದೆ, ಗ್ರಾಮಸಭೆಯಿಂದ ಆಯ್ಕೆಯಾಗುವ ಅರಣ್ಯ ಹಕ್ಕು ಸಮಿತಿ, ಅದರಲ್ಲಿ ಹತ್ತರಿಂದ ಹದಿನೈದು ಸದಸ್ಯರು, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರೇ ಇರಬೇಕು, ಮೂರನೇ ಒಂದು ಪಾಲು ಹೆಂಗಸರು. “ನಿಮ್ಮ ವಿಷಯವನ್ನು ನೀವೇ ಕೂತು ತೀರ್ಮಾನಿಸಬೇಕು ಎಂಬುದೇ ಇದರ ಆಶಯ” ಎಂದು ಮೇಜು ಕುಟ್ಟಿದರು. ಆಗ ಕಾಲುಸಂಕದ ಹೆಂಗಸು ಎದ್ದು ನಿಂತಳು. ವೇದಿಕೆಯ ಮೇಲಿದ್ದ ನಮ್ಮನ್ನು ಎಡದಿಂದ ಬಲಕ್ಕೆ ಒಮ್ಮೆ ಎಣಿಸಿದಳು. “ಅಯ್ಯಾ, ನಿಮ್ಮ ಟ್ರಸ್ಟಿಗೂ ಈ ಲೆಕ್ಕ ಉಂಟಾ?”

ಆ ಪ್ರಶ್ನೆಗಾಗಿಯೇ ಒಂದು ತುರ್ತು ಸಭೆ ನಡೆಯಿತು. ಬಹಳ ಉದಾರವಾದ ಸಭೆ. ಸಮುದಾಯದವರೂ ಧರ್ಮದರ್ಶಿಗಳಾಗಲಿ, ಯಾರು ಬೇಡವೆಂದರು ಎಂದು ಎಲ್ಲರೂ ಎಂದರು. ನಿಯಮ ಎಲ್ಲರಿಗೂ ಒಂದೇ ಇರಬೇಕಷ್ಟೆ. ಸಭೆ ದುರ್ಗಿಗುಡಿಯ ಹೋಟೆಲಿನ ಮೇಲಿನ ಹಾಲಿನಲ್ಲಿ, ಸಂಜೆ ಐದಕ್ಕೆ. ಸ್ವಂತ ಖರ್ಚಿನಲ್ಲಿ ಬರಬೇಕು. ಆ ಕೇರಿಗೆ ಹೋಗುವ ಕೊನೆಯ ಬಸ್ಸು ತೀರ್ಥಹಳ್ಳಿಯಿಂದ ಆರಕ್ಕೇ ಹೊರಟುಬಿಡುತ್ತದೆ. ಬಂದರೆ ಒಂದು ದಿನದ ಕೂಲಿ ಹೋಯಿತು, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದರೆ ಮರುದಿನದ್ದೂ ಹೋಯಿತು. ಖಜಾಂಚಿಗಳು ಅಪರೂಪಕ್ಕೆ ಮನುಷ್ಯರಂತೆ ಮಾತನಾಡಿ, “ಬಸ್‌ಚಾರ್ಜು, ಕೂಲಿ ಕೊಟ್ಟರಾಗದೇ?” ಎಂದರು. ಅಧ್ಯಕ್ಷರ ಮುಖ ಕೆಂಪಾಯಿತು. “ರಾಯರೇ, ಸೇವೆಗೆ ಕೂಲಿ ಕೊಟ್ಟರೆ ಅದು ಸೇವೆ ಹೇಗಾಗುತ್ತದೆ? ನಾವು ತೆಗೆದುಕೊಳ್ಳುತ್ತೇವೆಯೇ?” ನಿಜ, ನಾವು ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ದುಡಿಯುವ ಹಂತಕ್ಕೆ ಏರಬೇಕಾದರೆ ಮೊದಲು ತಿಂಗಳ ಒಂದನೇ ತಾರೀಕು ಪಿಂಚಣಿ ಬೀಳಬೇಕು, ಇಲ್ಲವೇ ಮಂಡಿಯಲ್ಲಿ ಅಡಿಕೆ ಮೂಟೆ ಇರಬೇಕು. ನಮ್ಮ ತ್ಯಾಗದ ಬಾಗಿಲಿಗೆ ಒಂದು ಪ್ರವೇಶ ಶುಲ್ಕವಿದೆ. ಅದನ್ನು ನಾವೆಲ್ಲ ಮೊದಲೇ ಕಟ್ಟಿಬಿಟ್ಟಿರುವುದರಿಂದ ನಮಗದು ಕಾಣುವುದಿಲ್ಲ.

ಕೊನೆಗೆ ಆಕೆಯನ್ನು ‘ವಿಶೇಷ ಆಹ್ವಾನಿತೆ’ ಮಾಡಿದೆವು. ವಿಶೇಷ ಆಹ್ವಾನಿತರಿಗೆ ಮತವಿಲ್ಲ, ಆಹ್ವಾನ ತಲುಪುವುದೂ ಖಾತ್ರಿಯಿಲ್ಲ. ಆಕೆ ತಿರುಗಿ ಒಂದು ಕಾರ್ಡು ಬರೆಸಿದಳು: ಸಮಾವೇಶಕ್ಕೆ ಎಷ್ಟು ಖರ್ಚಾಯಿತು, ತಿಳಿಸಬಹುದೇ? ಅಧ್ಯಕ್ಷರು ಓದಿ ನಿಟ್ಟುಸಿರು ಬಿಟ್ಟು, “ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ” ಎಂದರು. ಗಾದೆ ಸರಿಯಾದದ್ದೇ. ದಟ್ಟಿಯನ್ನು ಇನ್ನೂ ಕೊಟ್ಟಿರಲಿಲ್ಲ, ಅಷ್ಟೇ.

ಆರಿದ್ರ ಮಳೆ ಹಿಡಿಯುವ ಹೊತ್ತಿಗೆ ಕೇರಿಯವರು ಎಂದಿನಂತೆ ನಾಲ್ಕು ಅಡಿಕೆ ಮರ ಉರುಳಿಸಿ ಸಂಕ ಹಾಕಿಕೊಂಡರು. ಸುದ್ದಿ ತಿಳಿದ ಕೂಡಲೇ ‘ಸಮುದಾಯ ಸಹಭಾಗಿತ್ವದ ಸೇತುವೆ’ ಎಂದು ಫ್ಲೆಕ್ಸ್ ಮಾಡಿಸಿಕೊಂಡು ಎರಡು ಕಾರುಗಳಲ್ಲಿ ಹೊರಟೆವು. ಫ್ಲೆಕ್ಸಿನಲ್ಲಿ ಒಂಬತ್ತು ಮುಖಗಳು. ಅಧ್ಯಕ್ಷರದ್ದು ತೇರಿನ ಗಾಲಿಯಷ್ಟು, ನನ್ನದು ಅಡಿಕೆಯಷ್ಟು. ರಸ್ತೆ ಮುಗಿದಲ್ಲಿಂದ ನಡೆದೆವು. ಪ್ರಾಂಶುಪಾಲರ ಪಂಚೆಯೊಳಗೆ ಎರಡು ಉಂಬಳಗಳು ಸೇರಿದವು. ಹಳ್ಳ ಕೆಂಪಗೆ ಮೊರೆಯುತ್ತಿತ್ತು. ನಾಲ್ಕು ಮರಗಳ ಮೇಲೆ ಪಾಚಿ ಹೊಳೆಯುತ್ತಿತ್ತು. ಅಧ್ಯಕ್ಷರು ಒಂದು ಕಾಲಿಟ್ಟು ನೋಡಿ, ಹಿಂದಕ್ಕೆ ತೆಗೆದುಕೊಂಡು, ಫಲಾನುಭವಿಗಳೇ ಈಚೆ ಬರಲಿ ಎಂದರು. ಅವರು ಮಕ್ಕಳನ್ನು ಹೆಗಲೇರಿಸಿಕೊಂಡು ಸಾಲಾಗಿ ದಾಟಿ ಬಂದು, ಫ್ಲೆಕ್ಸಿನ ಹಿಂದೆ ನಿಂತು, ಫೋಟೊ ಮುಗಿದ ಮೇಲೆ ಸಾಲಾಗಿ ದಾಟಿ ಹೋದರು. ‘ಧರ್ಮದರ್ಶಿಗಳು ಸೇತುವೆಯನ್ನು ಈ ದಡದಿಂದ ಕೂಲಂಕಷವಾಗಿ ಪರಿಶೀಲಿಸಿದರು’ ಎಂದು ನಾನು ಬರೆದುಕೊಂಡೆ.

ಹೊರಡುವಾಗ ಆ ಹೆಂಗಸು ಹತ್ತಿರ ಬಂದು, “ಅಯ್ಯಾ, ಆ ಫ್ಲೆಕ್ಸ್ ಬಿಟ್ಟು ಹೋಗುತ್ತೀರಾ?” ಎಂದು ಕೇಳಿದಳು. ಟ್ರಸ್ಟಿನ ಆಸ್ತಿ ವಿಲೇವಾರಿಗೆ ಠರಾವು ಬೇಕು. ಕಾರಿನ ಬಾನೆಟ್ಟಿನ ಮೇಲೆಯೇ ಠರಾವು ಮಾಡಿದೆವು, ಏಕೆಂದರೆ ಮಳೆ ಜೋರಾಗಿತ್ತು. ಖಜಾಂಚಿಗಳು ಅದನ್ನು ‘ವಸ್ತು ರೂಪದ ನೆರವು, ಮಳೆ ತಡೆಯುವ ಹೊದಿಕೆ, 8x6 ಅಡಿ, ಒಂದು’ ಎಂದು ಖರ್ಚಿಗೆ ಹಾಕಿದ್ದಾರೆ. ಆ ವರ್ಷ ಆ ಕೇರಿಗೆ ನಾವು ಕೊಟ್ಟದ್ದು ಅದೊಂದೇ.

ಮೊನ್ನೆ ಗಾಂಧಿ ಬಜಾರಿನಲ್ಲಿ ಆಕೆ ಸಿಕ್ಕಿದ್ದಳು. ಕೇಳಿದೆ. ಸೌದೆ ಕೊಟ್ಟಿಗೆಯ ಮೇಲೆ ಕಟ್ಟಿದ್ದಾರಂತೆ, ಮುಖಗಳು ಒಳಗಡೆಗೆ. ಸೌದೆ ಒಂದೂ ನೆನೆದಿಲ್ಲವಂತೆ.