ಓಡುವ ಇಂಜಿನ್ನಿಗೆ ಗರಗಸ

ಹೊಸದಾಗಿ ತಂದ ಮಾಡೆಲ್ ರೈಲು ಇಂಜಿನ್ನು ಚೆನ್ನಾಗಿ ಓಡಿದರೆ ಸಾಮಾನ್ಯ ಮನುಷ್ಯರಿಗೆ ಖುಷಿಯಾಗುತ್ತದೆ. ನನ್ನಂಥವರಿಗೆ ಕೈ ತುರಿಸತೊಡಗುತ್ತದೆ. ಗರಗಸ ಎಲ್ಲಿ, ಅರ ಎಲ್ಲಿ ಅಂತ ಹುಡುಕಾಟ ಶುರು. ಈ ಕಾಯಿಲೆಗೆ ಕಿಟ್‌ಬ್ಯಾಷಿಂಗ್ ಅಂತ ಹೆಸರು. ಬಿಡಿ ಭಾಗ ಜೋಡಿಸಿ ಮಾಡುವ ಒಂದು ಕಿಟ್ಟಿನ ಬಾಯ್ಲರ್, ಇನ್ನೊಂದರ ಕ್ಯಾಬ್ (ಡ್ರೈವರ್ ನಿಲ್ಲುವ ಗೂಡು), ಮತ್ತೊಂದರ ಟೆಂಡರ್ (ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಎಲ್ಲ ಕೊಯ್ದು, ಅಂಟಿಸಿ, ಯಾವುದೋ ನಿಜವಾದ ರೈಲ್ವೆಯ ಯಾವುದೋ ಒಂದು ಇಂಜಿನ್ನಿನ ತದ್ರೂಪ ಮಾಡುವುದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನೋ ಮಾತು ಹುಟ್ಟಿದ ದಿನ ಅಲ್ಲೆಲ್ಲೋ ಪಕ್ಕದಲ್ಲಿ ಒಬ್ಬ ಕಿಟ್‌ಬ್ಯಾಷರ್ ಇದ್ದಿರಲೇಬೇಕು.

ಅದರಲ್ಲೂ ನನ್ನ ಚಟ ಉಗಿಯ ಶಂಟಿಂಗ್ ಇಂಜಿನ್ನುಗಳದು. ಅಮೆರಿಕದವರು ಸ್ವಿಚರ್ ಅನ್ನುತ್ತಾರೆ. ಮುಂದೆ ದಾರಿ ಹಿಡಿಯುವ ಪುಟ್ಟ ಚಕ್ರ ಇಲ್ಲ, ಹಿಂದೆ ಭಾರ ಹೊರುವ ಚಕ್ರವೂ ಇಲ್ಲ. ಇರೋ ತೂಕವೆಲ್ಲ ಎಳೆಯುವ ಚಕ್ರಗಳ ಮೇಲೇ. ಅದಕ್ಕೇ ಇವುಗಳನ್ನು 0-4-0, 0-6-0, 0-8-0 ಅಂತ ಬರೆಯುತ್ತಾರೆ. ಎರಡೂ ಕಡೆ ಸೊನ್ನೆ, ಮಧ್ಯೆ ಮಾತ್ರ ಕೆಲಸ. ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಹಿಂದೆ ಮುಂದೆ ತಳ್ಳೋಕೆ ಅಷ್ಟು ಸಾಕು. ಸಣ್ಣ ಇಂಜಿನ್, ಹಾಗಾಗಿ ಸುಲಭ ಅಂದುಕೊಂಡು ಎಲ್ಲರೂ ಇದರಿಂದಲೇ ಶುರು ಮಾಡುತ್ತಾರೆ. ಸಣ್ಣ ಇಂಜಿನ್ನಿನೊಳಗೆ ಮೋಟಾರನ್ನು ಎಲ್ಲಿ ಬಚ್ಚಿಡೋದು ಅನ್ನೋದು ಆಮೇಲೆ ಹೊಳೆಯುತ್ತದೆ.

ನನ್ನ ಕಣ್ಣು ಬಿದ್ದಿದ್ದು ಪೆನ್ಸಿಲ್ವೇನಿಯಾ ರೈಲ್‌ರೋಡಿನ ಬಿ6ಎಸ್‌ಬಿ ಮೇಲೆ. 1916ರಿಂದ ಕಟ್ಟಿದ 0-6-0. ಕೈಯಲ್ಲಿದ್ದಿದ್ದು ಯುಎಸ್‌ಆರ್‌ಎ ನಮೂನೆಯ 0-6-0 ಮಾಡೆಲ್. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸರ್ಕಾರ ಯುಎಸ್‌ಆರ್‌ಎ ಅನ್ನೋ ಇಲಾಖೆ ಮಾಡಿ ರೈಲ್ವೆಗಳನ್ನೆಲ್ಲ ತನ್ನ ಕೈಗೆ ತಗೊಂಡಿತ್ತು. ಒಬ್ಬೊಬ್ಬರಿಗೆ ಒಂದೊಂದು ಥರದ ಇಂಜಿನ್ ಯಾಕೆ, ಎಲ್ಲರಿಗೂ ಒಂದೇ ನಮೂನೆ ಸಾಕು ಅಂತ ಹೊಸ ವಿನ್ಯಾಸಗಳನ್ನು ಮಾಡಿಸಿತು. ಅವುಗಳಲ್ಲಿ ಈ 0-6-0 ಒಂದು. 255 ತಯಾರಾಗಿ ಬೇರೆ ಬೇರೆ ರೈಲ್ವೆಗಳಿಗೆ ಹಂಚಿಹೋದವು. ಮಾಡೆಲ್ ಮಾಡುವವರಿಗೆ ಇದಕ್ಕಿಂತ ಲಾಭ ಬೇಕಾ? ಒಂದೇ ಅಚ್ಚು, ಮೇಲೆ ಯಾವ ರೈಲ್ವೆಯ ಹೆಸರು ಬೇಕಾದರೂ ಬರೀಬಹುದು.

ನನಗೊಬ್ಬ ಗೆಳೆಯನಿದ್ದಾನೆ. ಮಾಡೆಲ್ಲಿನ ಒಂದೊಂದು ರಿವೆಟ್ಟನ್ನೂ ಎಣಿಸಿ ನೋಡುವ ಪೈಕಿ. ನನ್ನ ಯೋಜನೆ ಕೇಳಿ ಅವನು ತಣ್ಣಗೆ ಹೇಳಿದ: "ಪೆನ್ಸಿಲ್ವೇನಿಯಾಗೂ ಇದೇ ಯುಎಸ್‌ಆರ್‌ಎ ಇಂಜಿನ್ 30 ಬಂದಿದ್ದವು. ಬಿ28ಎಸ್ ಅಂತ ಕರೀತಿದ್ದರು. ನಿನ್ನ ಹತ್ತಿರ ಇರೋದು ಹೆಚ್ಚುಕಮ್ಮಿ ಅದೇ. ಸುಮ್ನೆ ಹೆಸರು, ನಂಬರ್ ಹಾಕು. ಒಂದು ಸಂಜೆಯ ಕೆಲಸ." ಎಂಥ ಬುದ್ಧಿವಂತಿಕೆಯ ಮಾತು! ಒಂದು ಸಂಜೆಯಲ್ಲಿ ಮುಗಿಯೋದಾದರೆ ಇದನ್ನು ಹವ್ಯಾಸ ಅಂತ ಯಾರಾದರೂ ಕರೀತಾರಾ? ನಾನು ಗರಗಸ ತೆಗೆದೆ.

ಬಿ6ಎಸ್‌ಬಿಯ ಗುರುತೇ ಅದರ ಬೆಲ್ಪೇರ್ ಫೈರ್‌ಬಾಕ್ಸ್, ಅಂದರೆ ಬಾಯ್ಲರಿನ ಹಿಂದೆ ಬೆಂಕಿ ಉರಿಯುವ ಪೆಟ್ಟಿಗೆ. ಆಲ್ಫ್ರೆಡ್ ಬೆಲ್ಪೇರ್ ಅನ್ನೋ ಬೆಲ್ಜಿಯಂನ ಇಂಜಿನಿಯರ್ ಮಾಡಿದ ವಿನ್ಯಾಸ ಅದು. ಉಳಿದವರ ಬಾಯ್ಲರ್ ಹಿಂದಿನವರೆಗೂ ದುಂಡಗೆ ಹೋದರೆ, ಇದು ಕ್ಯಾಬಿನ ಹತ್ತಿರ ಬಂದ ಕೂಡಲೇ ಭುಜ ಎತ್ತಿ ಚೌಕವಾಗುತ್ತದೆ. ಒಳಗಿನ ತಗಡನ್ನೂ ಹೊರಗಿನ ತಗಡನ್ನೂ ಹಿಡಿದಿಡುವ ಸರಳುಗಳು ಓರೆಯಾಗದೆ ನೆಟ್ಟಗೆ ಕೂರಲಿ ಅಂತ ಹಾಗೆ. ಬೆಲ್ಪೇರ್ ಸಾಹೇಬರಿಗೆ ಸರಳುಗಳ ಚಿಂತೆ ಇತ್ತು. ಮುಂದೊಂದು ದಿನ ಒಬ್ಬ ಬಡಪಾಯಿ ದುಂಡನೆಯ ಸತುವಿನ ಎರಕವನ್ನು ಕೊಯ್ದು ಚೌಕ ಮಾಡಬೇಕಾಗುತ್ತದೆ ಅನ್ನೋ ಚಿಂತೆ ಇರಲಿಲ್ಲ.

ಸತುವಿನ ಎರಕ ವಿಚಿತ್ರ ವಸ್ತು. ಗರಗಸಕ್ಕೆ ಬಗ್ಗೋದಿಲ್ಲ, ಅರದ ಹಲ್ಲಿನಲ್ಲಿ ಹೋಗಿ ಕೂರುತ್ತದೆ, ಕೊನೆಗೆ ಬೇಡದ ಜಾಗದಲ್ಲಿ ಚಟಕ್ ಅಂತ ಒಡೆಯುತ್ತದೆ. ಅಂತೂ ಹಿಂಭಾಗ ಕತ್ತರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಚೌಕದ ಫೈರ್‌ಬಾಕ್ಸ್ ಕಟ್ಟಿ, ಸಂದಿಗೆ ಪುಟ್ಟಿ ಮೆತ್ತಿದ್ದಾಯಿತು. ಒಳಗೆ ನೋಡಿದರೆ ಮೋಟಾರು ಅದೇ ಜಾಗದಲ್ಲಿ ಹಾಯಾಗಿ ಕುಳಿತಿತ್ತು. ಅದು ಮೊದಲಿಂದ ಬಂದ ಬಾಡಿಗೆದಾರ, ಎಬ್ಬಿಸೋ ಹಾಗಿಲ್ಲ. ಪ್ಲಾಸ್ಟಿಕ್ ಗೋಡೆಯನ್ನು ಒಳಗಿನಿಂದ ಕೆರೆದೂ ಕೆರೆದೂ ಎಷ್ಟು ತೆಳು ಮಾಡಿದೆನೆಂದರೆ, ದೀಪದ ಎದುರು ಹಿಡಿದರೆ ಮೋಟಾರಿನ ನೆರಳು ಕಾಣುತ್ತಿತ್ತು.

ಅಷ್ಟರಲ್ಲಿ ಗೆಳೆಯ ವರ್ನಿಯರ್ ಕ್ಯಾಲಿಪರ್ ಹಿಡಿದು ಬಂದ. "ಚಕ್ರ ನೋಡಿದೆಯಾ? ಯುಎಸ್‌ಆರ್‌ಎ ಇಂಜಿನ್ನಿನ ಚಕ್ರ 51 ಇಂಚು. ಬಿ6ಎಸ್‌ಬಿದು 56 ಇಂಚು." ಎಚ್‌ಒ ಸ್ಕೇಲಿನಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದಾಗ, ಆ 5 ಇಂಚು ಸುಮಾರು ಒಂದೂವರೆ ಮಿಲಿಮೀಟರ್ ಆಗುತ್ತದೆ. ಒಂದೂವರೆ ಮಿಲಿಮೀಟರ್! ಎರಡಡಿ ದೂರದಿಂದ ನೋಡಿದರೆ ಯಾರಿಗೂ ತಿಳಿಯಲ್ಲ ಅಂದೆ. "ನಾನು ಎರಡಡಿ ದೂರದಿಂದ ನೋಡಲ್ಲ" ಅಂದ. ನಿಜ, ಅವನು ಯಾವತ್ತೂ ಭೂತಗನ್ನಡಿ ಇಲ್ಲದೆ ಬಂದವನೇ ಅಲ್ಲ. ಈ ಕೆಲಸದಲ್ಲಿ ಮೊದಲು ಚಕ್ರ, ಚಕ್ರಗಳ ನಡುವಿನ ಅಂತರ ನೋಡಬೇಕು, ಮೇಲಿನದೆಲ್ಲ ಆಮೇಲೆ ಅಂತ ತಿಳಿದವರು ಹೇಳುತ್ತಾರೆ. ಮೇಲಿನದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬಹುದು, ಚಕ್ರವನ್ನು ಪುಟ್ಟಿ ಮೆತ್ತಿ ದೊಡ್ಡದು ಮಾಡೋಕಾಗಲ್ಲ ಅಲ್ವಾ? ಕೊನೆಗೆ ಬೇರೊಂದು ಚಾಸಿಸ್ ತರಿಸಿದೆ. ಅಲ್ಲಿಗೆ ಮೂಲ ಇಂಜಿನ್ನಿನಲ್ಲಿ ಉಳಿದಿದ್ದು ಅರ್ಧ ಬಾಯ್ಲರ್, ಒಂದು ಗಂಟೆ ಮತ್ತು ಅದೇ ಬಾಡಿಗೆದಾರ ಮೋಟಾರು.

ಇನ್ನು ಫೋಟೋಗಳ ಕಥೆ. ಹಳೇ ಕಾಲದ ಛಾಯಾಗ್ರಾಹಕರು ಇಂಜಿನ್ನುಗಳನ್ನು ತುಂಬ ಚೆನ್ನಾಗಿ ತೆಗೆದಿದ್ದಾರೆ. ಆದರೆ ನಮಗೆ ಬೇಕಾದ ಪೈಪು ಎಲ್ಲಿದೆಯೋ ಸರಿಯಾಗಿ ಅದರ ಮುಂದೆ ಡ್ರೈವರ್ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಮಗ್ಗುಲು ಬದಲಿಸಿದ ಇನ್ನೊಂದು ಫೋಟೋ ಸಿಕ್ಕರೆ ಅದು ಇಪ್ಪತ್ತು ವರ್ಷ ಆಮೇಲಿನದು. ಅಷ್ಟರಲ್ಲಿ ಹೆಡ್‌ಲೈಟ್ ಬದಲಾಗಿದೆ, ಟೆಂಡರ್ ಬದಲಾಗಿದೆ, ಪೈಪು ಇಲ್ಲವೇ ಇಲ್ಲ. ಡ್ರೈವರ್ ಮಾತ್ರ ಅದೇ ಭಂಗಿಯಲ್ಲಿ ಇದ್ದಾನೆ.

ಗೆಳೆಯ ಇದನ್ನೆಲ್ಲ ಶಾಸ್ತ್ರ ಅನ್ನೋ ಥರ ಮಾತಾಡುತ್ತಾನೆ. ನನಗೆ ಮಾತ್ರ ಅನುಮಾನ. ರೈಲ್ವೆ ವರ್ಕ್‌ಶಾಪಿನವರು ನಮಗಿಂತ ದೊಡ್ಡ ಕಿಟ್‌ಬ್ಯಾಷರ್‌ಗಳು. ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್‌ರೋಡಿನ ಸಿ-16 ನೋಡಿ. ಬಾಲ್ಟಿಮೋರಿನ ಬಂದರಿನ ಬೀದಿಗಳಲ್ಲಿ ಗಕ್ಕನೆ ತಿರುಗುವ ಹಳಿಗಳ ಮೇಲೆ ಓಡಲಿ ಅಂತ ಬಾಲ್ಡ್‌ವಿನ್ ಕಂಪನಿ 1912ರಲ್ಲಿ ಕಟ್ಟಿಕೊಟ್ಟ ನಾಲ್ಕು ಕುಳ್ಳ 0-4-0ಗಳು. ನೀರಿನ ಟ್ಯಾಂಕು ಕುದುರೆಯ ಜೀನಿನ ಹಾಗೆ ಬಾಯ್ಲರಿನ ಮೇಲೆ. ಆಮೇಲೆ ವರ್ಕ್‌ಶಾಪಿನವರಿಗೂ ಕೈ ತುರಿಸಿತು. ಎರಡರ ಟ್ಯಾಂಕು ಕಿತ್ತು, ಹಿಂದೆ ಒಂದು ಟೆಂಡರ್ ಕಟ್ಟಿ, ಸಿ-16ಎ ಅಂತ ಹೊಸ ಹೆಸರಿಟ್ಟರು. ಅವರು ಮಾಡಿದರೆ ಅದು ಇತಿಹಾಸ. ನಾನು ಅದೇ ಕೆಲಸ ಮಾಡಿದರೆ "ಇದಕ್ಕೆ ದಾಖಲೆ ಎಲ್ಲಿದೆ?"

ಈ ದಾಖಲೆಯ ರಗಳೆ ತಪ್ಪಿಸಿಕೊಂಡ ಜಾಣ ಜಾನ್ ಆಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಗೋರಿ ಅಂಡ್ ಡಿಫೀಟೆಡ್ ಅನ್ನೋ ಪ್ರಸಿದ್ಧ ಮಾಡೆಲ್ ರೈಲ್ವೆ ಕಟ್ಟಿದವನು. ಅವನ ರೈಲ್ವೆಯಲ್ಲಿ ಶಂಟಿಂಗ್ ಮಾಡೋಕೆ ಎಮ್ಮಾ ಅನ್ನೋ ಒಂದು ಸ್ಟೆಗೊಸಾರಸ್ ಇತ್ತು. ಡೈನೊಸಾರ್! ಅದರ ಬೆನ್ನಿನ ಮೇಲಿನ ಹಲಗೆಗಳನ್ನು ಯಾವ ಗೆಳೆಯ ಕ್ಯಾಲಿಪರ್ ಹಿಡಿದು ಅಳೆಯುತ್ತಾನೆ ಹೇಳಿ.

ಬಾಯ್ಲರಿನ ಪಕ್ಕ ಹಿಡಿದುಕೊಳ್ಳೋಕೆ ಇರುವ ಕೈಗಂಬಿಗಳ ವಿಷಯ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಬೆರಳು ನೋಯುತ್ತದೆ. ತೂತು ಕೊರೆಯೋಕೆ 80ನೇ ನಂಬರಿನ ಡ್ರಿಲ್ ಬಿಟ್. ದಪ್ಪ 0.34 ಮಿಲಿಮೀಟರ್. ಪಕ್ಕದಲ್ಲಿ ಯಾರಾದರೂ ಸೀನಿದರೂ ಮುರಿಯುತ್ತದೆ, ಮುರಿದ ತುದಿ ತೂತಿನಲ್ಲೇ ಉಳಿಯುತ್ತದೆ. ಕಂಬಿಯ ಪುಟ್ಟ ಗೂಟಗಳಿಗೆ ಹಾಕುವ ಸೂಪರ್ ಗ್ಲೂ ಗೂಟವನ್ನು ಬಾಯ್ಲರಿಗೆ ಅಂಟಿಸಲು ನಿಮಿಷಗಟ್ಟಲೆ ಯೋಚಿಸುತ್ತದೆ. ಹೆಬ್ಬೆರಳಿಗೆ ಅಂಟಿಸೋಕೆ ಅದಕ್ಕೆ ಯೋಚನೆಯೇ ಬೇಡ. ಚಿಮುಟದಿಂದ ಹಾರಿದ ಸ್ಪ್ರಿಂಗುಗಳು ನೆಲಕ್ಕೆ ಬಿದ್ದ ಸದ್ದು ಕೇಳುತ್ತದೆ, ಸ್ಪ್ರಿಂಗು ಕಾಣಲ್ಲ.

ಟೆಂಡರಿನದು ಬೇರೆಯೇ ಪುರಾಣ. ಬಿ6ಎಸ್‌ಬಿಗೆ ಹಿಂದಕ್ಕೆ ಇಳಿಜಾರಾದ ಟೆಂಡರ್ ಬೇಕು. ಶಂಟಿಂಗ್ ಇಂಜಿನ್ ಅರ್ಧ ಹೊತ್ತು ಹಿಂದಕ್ಕೇ ಹೋಗುತ್ತದೆ, ಡ್ರೈವರಿಗೆ ಹಿಂದಿನ ಹಳಿ, ಅಲ್ಲಿ ನಿಂತು ಕೈಸನ್ನೆ ಮಾಡುವವನು ಇಬ್ಬರೂ ಕಾಣಬೇಕಲ್ಲ, ಅದಕ್ಕೆ ಆ ಇಳಿಜಾರು. ಮತ್ತೊಂದು ಕಿಟ್ಟಿನಿಂದ ಅಂಥದ್ದೊಂದನ್ನು ಕಿತ್ತು ತಂದು ಜೋಡಿಸಿದೆ. ಕ್ಯಾಬಿಗೂ ಟೆಂಡರಿಗೂ ನಡುವೆ ಹಿತ್ತಾಳೆಯ ಒಂದು ಚಂದದ ಹಾಸು ತಗಡನ್ನೂ ಕೂರಿಸಿದೆ. ಇಂಥ ಮಾಡೆಲ್ಲಿನಲ್ಲಿ ಇಂಜಿನ್ನಿನ ಚಕ್ರಗಳು ಬಲಗಡೆ ಹಳಿಯಿಂದ ಕರೆಂಟು ತಗೊಳ್ಳುತ್ತವೆ, ಟೆಂಡರಿನವು ಎಡಗಡೆ ಹಳಿಯಿಂದ. ಇಬ್ಬರ ಮೈಯೂ ಲೋಹ. ನೇರ ಹಳಿಯಲ್ಲಿ ಇಬ್ಬರ ನಡುವೆ ಕೂದಲೆಳೆಯಷ್ಟು ಅಂತರ ಇರುತ್ತಿತ್ತು, ಇಂಜಿನ್ನು ರಾಜಗಾಂಭೀರ್ಯದಿಂದ ಹೋಗುತ್ತಿತ್ತು. ತಿರುವು ಬಂದ ಕೂಡಲೇ ಆ ಹಿತ್ತಾಳೆ ತಗಡು ಟೆಂಡರನ್ನು ಮುಟ್ಟುತ್ತಿತ್ತು. ಟಿಕ್! ಟ್ರಾನ್ಸ್‌ಫಾರ್ಮರ್ ಆರಿ ಕೂರುತ್ತಿತ್ತು. ಇಡೀ ಯಾರ್ಡಿಗೆ ಕತ್ತಲೆ. ಕೊನೆಗೆ ಸರಿಹೋಗಿದ್ದು ಒಂದು ಚೂರು ಇನ್ಸುಲೇಷನ್ ಟೇಪಿನಿಂದ. ಅದು ಪೆನ್ಸಿಲ್ವೇನಿಯಾದ ಯಾವ ನಕ್ಷೆಯಲ್ಲೂ ಇಲ್ಲ.

ಬಣ್ಣ ಬಳಿದು, ಮುಂದೆ ನಂಬರ್ ಫಲಕ ಅಂಟಿಸಿ, ಹಳಿ ಮೇಲೆ ಇಟ್ಟೆ. ಎಡಬಲದ ಚಕ್ರಗಳ ಕ್ರ್ಯಾಂಕುಗಳು ಒಂದಕ್ಕೊಂದು 90 ಡಿಗ್ರಿ ಅಂತರದಲ್ಲಿ ಇರಬೇಕು. ಒಂದು ಜೊತೆ ಚಕ್ರ ಕೂದಲಷ್ಟು ಜರುಗಿದ್ದರೂ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ರಾಡುಗಳು ಬಿಗಿಯುತ್ತವೆ. ತರಿಸಿದ ಚಾಸಿಸ್ಸಿನಲ್ಲಿ ಯಾವುದೋ ಒಂದು ಜೊತೆ ಹಾಗೆ ಜರುಗಿತ್ತು. ಮುಂದಕ್ಕೆ ಬಿಟ್ಟರೆ ಇಂಜಿನ್ನು ಕುಂಟುತ್ತದೆ, ನಡುಗುತ್ತದೆ, ನಿಲ್ಲುತ್ತದೆ. ಹಿಂದಕ್ಕೆ ಬಿಟ್ಟರೆ ಬೆಣ್ಣೆ!

ಗೆಳೆಯ ಕ್ಯಾಲಿಪರ್ ಕೆಳಗಿಟ್ಟು ತುಂಬ ಹೊತ್ತು ನೋಡಿದ. ಅದು ವ್ಯಾಗನ್ನುಗಳನ್ನು ಎಳೆದುಕೊಂಡು ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೇ ಹೋಗುತ್ತಿತ್ತು. ಆಮೇಲೆ ಚೀಲದಿಂದ ತನ್ನ ಫೋಟೋಗಳ ಕಟ್ಟು ತೆಗೆದು ಹಾಳೆ ತಿರುವಿ ಒಂದರ ಮೇಲೆ ಬೆರಳಿಟ್ಟ. ಬಿ6ಎಸ್‌ಬಿ, ಇಳಿಜಾರು ಟೆಂಡರ್ ಮುಂದೆ ಮಾಡಿಕೊಂಡು ಹೊಗೆ ಬಿಡುತ್ತಾ ಹಿಂದಕ್ಕೆ ಬರುತ್ತಿತ್ತು.

"ಇದಕ್ಕೆ ದಾಖಲೆ ಇದೆ" ಅಂದ.