ಸೋಫಾ ಆಮೇಲೆ, ಮೊದಲು ಕೂಲರ್

ಹೊಸದಾಗಿ ಸಂಸಾರ ಹೂಡುವವರು ಮೊದಲು ಸೋಫಾ, ಟಿವಿ, ಡೈನಿಂಗ್ ಟೇಬಲ್ ತೆಗೆದುಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಕಲಬುರಗಿಯಲ್ಲಿ ಈ ಪಟ್ಟಿ ನಡೆಯಲ್ಲ. ಇಲ್ಲಿ ಮೊದಲು ಕೂಲರ್. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹವೆ ಒಣಗಿರುವುದರಿಂದ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದನ್ನು ಕಿಟಕಿಯ ಹೊರಗೆ ಇಡಬೇಕು, ಎದುರಿನ ಬಾಗಿಲು ಸ್ವಲ್ಪ ತೆರೆದಿರಬೇಕು. ಎಲ್ಲಾ ಮುಚ್ಚಿಕೊಂಡು ಕೂತರೆ ಸುಮ್ನೆ ಸೆಕೆ ಜಾಸ್ತಿ, ಮೈಯೆಲ್ಲಾ ಜಿಗಿಜಿಗಿ. ಬೋರ್ ನೀರು ಹಾಕಿದರೆ ಕೂಲರ್ ಒಳಗೆ ನೀರು ಹಿಡಿದಿಡುವ ಹುಲ್ಲಿನ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬೇಸಿಗೆಗೆ ಮೊದಲೇ ಹುಲ್ಲು ಬದಲಿಸಿಬಿಡಿ.

ಬಾಡಿಗೆ ಕಮ್ಮಿ ಅಂತ ಮೇಲಿನ ಮಹಡಿಗೂ ಹೋಗಬೇಡಿ. ರಾತ್ರಿ ಹನ್ನೊಂದಾದರೂ ತಲೆ ಮೇಲಿನ ಸ್ಲ್ಯಾಬ್ ಕಾವು ಬಿಡಲ್ಲ. ನೆಲಕ್ಕೆ ತಂಪಾದ ಶಹಾಬಾದ್ ಕಲ್ಲು (ನಮ್ಮ ಕಡೆಯ ಸುಣ್ಣದ ಕಲ್ಲಿನ ಚಪ್ಪಡಿ) ಹಾಸಿದ ಹಳೇ ಮನೆ ಸಿಕ್ಕರೆ ಕಣ್ಣುಮುಚ್ಚಿ ಹಿಡಿಯಿರಿ. ನಮ್ಮ ಯಜಮಾನರು ಮಧ್ಯಾಹ್ನ ಚಾಪೆಯನ್ನೂ ಹಾಸದೆ ಬರಿ ನೆಲದ ಮೇಲೆ ಮಲಗುತ್ತಾರೆ. ಟೈಲ್ಸ್ ಮನೆಯೇ ಬೇಕು ಅಂತ ಹಠ ಹಿಡಿದಿದ್ದವರೂ ಅವರೇ!

ಹೆಂಡತಿ ಬೆಳಗ್ಗೆ ಬೇಗ ಎದ್ದರೆ ಅಡುಗೆ ಸುಲಭ ಅನ್ನೋ ನಿಮ್ಮ ಸಾಲು ಮಾತ್ರ ಹಿಡಿಸಲಿಲ್ಲ. ಗಂಡನಿಗೆ ಅಲಾರಂ ಕೇಳಿಸಲ್ವಾ? ನಮ್ಮಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ರೊಟ್ಟಿ ಮಾಡಿ ಮಾರುವ ಅಕ್ಕಂದಿರು ಇಲ್ಲಿ ಬೇಕಾದಷ್ಟು ಇದ್ದಾರೆ. ಅವರ ಕಡಕ್ ರೊಟ್ಟಿ, ಅಂದರೆ ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿ, ವಾರಗಟ್ಟಲೆ ಕೆಡಲ್ಲ. ಜೊತೆಗೆ ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಮೊಸರು, ಒಂದು ಉಳ್ಳಾಗಡ್ಡಿ ಇದ್ದರೆ ಮುಗೀತು. ಕೊಂಡು ತಂದ ರೊಟ್ಟಿ ಅಂತ ನಮ್ಮತ್ತೆ ಮೊದಮೊದಲು ಮುಖ ಗಂಟು ಹಾಕಿದ್ದರು. ಈಗ ಊರಿಗೆ ಹೊರಟರೆ ನಮಗೂ ಒಂದು ಕಟ್ಟು ತನ್ನಿ ಅಂತ ಅವರೇ ಫೋನ್ ಮಾಡುತ್ತಾರೆ.