ಬೆಣ್ಣೆ ಕರಗುವ ಊರಲ್ಲಿ ಮಸಾಲೆ ಚಾಕಲೇಟ್ ಕುಕೀ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಬಳ್ಳಾರಿಯ ಅಡುಗೆಮನೆಗಳಿಂದ ಬರುವ ದೂರು ಒಂದೇ. ಒಳಗಿಡುವಾಗ ಉಂಡೆ, ಹೊರಗೆ ತೆಗೆದಾಗ ಹಪ್ಪಳ! ಬೈಗುಳ ಬೀಳುವುದು ಮಾತ್ರ ಪಾಪದ ಓವನ್‌ಗೆ. ಓವನ್‌ ಹಚ್ಚುವ ಮೊದಲೇ, ಬೆಣ್ಣೆ ಕಲಸುವ ಹೊತ್ತಿಗೇ ಕೆಲಸ ಕೆಟ್ಟಿರುತ್ತದೆ.

ವಿಡಿಯೊಗಳಲ್ಲಿ "ರೂಮ್ ಟೆಂಪರೇಚರ್ ಬೆಣ್ಣೆ" ಅನ್ನುತ್ತಾರಲ್ಲ, ಆ ರೂಮು ನಮ್ಮದಲ್ಲ. ಚಳಿದೇಶದವರ ರೂಮು 20 ಡಿಗ್ರಿ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೂ 30ರ ಹತ್ತಿರ. ಬೆಣ್ಣೆ 32–35 ಡಿಗ್ರಿಗೆ ಪೂರ್ತಿ ಕರಗುತ್ತದೆ ನಿಜ, ಆದರೆ 27–28ಕ್ಕೇ ಮುಲಾಮಿನ ಹಾಗಾಗಿರುತ್ತದೆ. ಸಕ್ಕರೆ ಜತೆ ತಿರುವಿದಾಗ ಗಾಳಿ ಹಿಡಿದಿಡುವ ತಾಕತ್ತು ಅದಕ್ಕಿರುವುದು 18–20 ಡಿಗ್ರಿಯಲ್ಲಿ. ಬೆರಳಿಂದ ಒತ್ತಿದರೆ ಗುಂಡಿ ಬೀಳಬೇಕು, ಬೆರಳು ಮಾತ್ರ ಜಿಡ್ಡಾಗಬಾರದು. ಇಲ್ಲಿ ಆ ಹದ ಸಿಗುವುದು ಬೆಳಗಿನ ಆರು ಗಂಟೆಗೆ. ಮಧ್ಯಾಹ್ನವೇ ಮಾಡಬೇಕೆಂದರೆ ಫ್ರಿಜ್‌ನಿಂದ ತೆಗೆದು, ಸಣ್ಣಗೆ ಹೆಚ್ಚಿ, ಏಳೆಂಟು ನಿಮಿಷ ಬಿಟ್ಟರೆ ಸಾಕು. ಗಂಟೆಗಟ್ಟಲೆ ಹೊರಗಿಟ್ಟರೆ ಮುಗೀತು.

ಮನೆಯಲ್ಲಿ ಕಡೆದ ಬೆಣ್ಣೆ ಬೇಡ. ಅದರಲ್ಲಿ ನೀರು ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ತುಪ್ಪ ಹಾಕಿದರೆ ಆಗುವುದು ನಾನ್‌ಖಟಾಯಿ. ಅದೂ ರುಚಿಯೇ, ಆದರೆ ಇದಲ್ಲ. ಪಾಕೀಟಿನ ಉಪ್ಪಿನ ಬೆಣ್ಣೆಯೇ ಸರಿ, ಮತ್ತೆ ಉಪ್ಪು ಹಾಕಬೇಡಿ.

ಸುಮಾರು 30 ಕುಕೀಗೆ ಲೆಕ್ಕ ಇಷ್ಟು: ಬೆಣ್ಣೆ 120 ಗ್ರಾಂ, ಬೆಲ್ಲದ ಪುಡಿ 100, ಪುಡಿ ಸಕ್ಕರೆ 60, ಮೊಟ್ಟೆ ಒಂದು, ಮೈದಾ 170, ಕೋಕೋ ಪುಡಿ 35, ಅಡುಗೆ ಸೋಡಾ ಅರ್ಧ ಚಮಚ, ಹೆಚ್ಚಿದ ಡಾರ್ಕ್ ಚಾಕಲೇಟ್ 100. ಚಮಚ ಅಂದರೆ 5 ಮಿಲಿಯ ಅಳತೆ ಚಮಚ, ತಲೆ ಸಪಾಟಾಗಿ ಸವರಿದ್ದು. ಕಪ್ಪಿನಲ್ಲಿ ಮೈದಾ ಅಳೆಯುವವರಿಗೆ ಕೈಮುಗಿಯುತ್ತೇನೆ, ಒಂದು ಸಣ್ಣ ತಕ್ಕಡಿ ಕೊಳ್ಳಿ. ಹಗುರವಾಗಿ ತುಂಬಿದರೆ ಒಂದು ತೂಕ, ಅದುಮಿ ತುಂಬಿದರೆ ಇನ್ನೊಂದು. ಮೂವತ್ತು ಗ್ರಾಂ ಹೆಚ್ಚು ಬಿದ್ದರೂ ಕುಕೀ ಒಣಬೆರಣಿಯಾಗುತ್ತದೆ.

ಇನ್ನು ಮಸಾಲೆ. ಈ ಕುಕೀಯ ಜೀವ ಇರುವುದು ಇಲ್ಲೇ, ಜನ ಕೈ ಬಿಗಿ ಮಾಡುವುದೂ ಇಲ್ಲೇ. ಚಕ್ಕೆ ಪುಡಿ ಒಂದೂವರೆ ಚಮಚ, ಒಣಶುಂಠಿ ಒಂದು ಚಮಚ. ಲವಂಗ, ಕರಿಮೆಣಸು, ತುರಿದ ಜಾಜಿಕಾಯಿ, ಬ್ಯಾಡಗಿ ಖಾರಪುಡಿ ತಲಾ ಕಾಲು ಚಮಚ. ಬರೀ ಬಿಸ್ಕತ್ತಿಗೆ ಇಷ್ಟು ಹಾಕಿದರೆ ಕಷಾಯದ ವಾಸನೆ ಬರುತ್ತದೆ. ಆದರೆ ಕೋಕೋ ತನ್ನ ಕಹಿಯಲ್ಲಿ ಮಸಾಲೆಯನ್ನು ನುಂಗಿಬಿಡುತ್ತದೆ, ಅದಕ್ಕೇ ಈ ಧಾರಾಳ. ಲವಂಗಕ್ಕೆ ಮಾತ್ರ ಧಾರಾಳ ಬೇಡ. ಅಳತೆ ಮೀರಿದರೆ ನಾಲಗೆ ಜೋಮು ಹಿಡಿದು ಹಲ್ಲುನೋವಿನ ಔಷಧಿ ನೆನಪಾಗುತ್ತದೆ. ಗರಂ ಮಸಾಲೆ ಪಾಕೀಟು ಕತ್ತರಿಸಲೇಬೇಡಿ, ಅದರಲ್ಲಿ ಕೊತ್ತಂಬರಿ, ಜೀರಿಗೆ ಇರುತ್ತವೆ. ಏಲಕ್ಕಿ ಯಾಕಿಲ್ಲ ಅಂತ ಜಗಳಕ್ಕೆ ಬರುವವರಿಗೆ ಒಂದು ಮಾತು: ಏಲಕ್ಕಿ ಬಿದ್ದರೆ ಬಾಯಿಗೆ ಹೋಳಿಗೆ ನೆನಪಾಗುತ್ತದೆ, ಚಾಕಲೇಟ್ ಹಿಂದಕ್ಕೆ ಸರಿಯುತ್ತದೆ.

ಬೇಕಿಂಗ್ ಅಂಗಡಿಯ ಪುಟ್ಟ ಶೀಶೆಯ ಚಕ್ಕೆ ಪುಡಿಗೆ ದುಡ್ಡು ಸುರಿಯುವುದು ನನಗಂತೂ ಅರ್ಥವಾಗುವುದಿಲ್ಲ. ಜರ್ಮನಿಯವರು ಕ್ರಿಸ್‌ಮಸ್‌ಗೆ ಮಾಡುವ ಫೆಫರ್‌ನುಸ್ಸೆ ಎಂಬ ಬಿಸ್ಕತ್ತಿನ ಹೆಸರಲ್ಲೇ ಮೆಣಸಿದೆ. ಆ ಮೆಣಸು ಹಡಗು ಹತ್ತಿದ್ದು ನಮ್ಮ ಪಡುಗಡಲಿನ ಬಂದರುಗಳಿಂದ. ಕಿರಾಣಿ ಅಂಗಡಿಯ ದಪ್ಪ ಚಕ್ಕೆ ಸಾಕು. ಹಂಚು ಬಿಸಿ ಮಾಡಿ, ಒಲೆ ಆರಿಸಿ, ಆ ಕಾವಿನಲ್ಲೇ ಚಕ್ಕೆಯನ್ನು ಐದು ನಿಮಿಷ ಬಿಡಿ. ತೇವ ಹೋಗಿ ಗರಿಗರಿಯಾದ ಮೇಲೆ ಮಿಕ್ಸರ್‌ಗೆ ಹಾಕಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಜಾಲರಿಯ ಮೇಲೆ ಉಳಿಯುವ ಸೂಜಿಯಂಥ ಸಿಬಿರುಗಳನ್ನು ಚಹಾಕ್ಕೆ ಹಾಕಿಕೊಳ್ಳಿ, ಕುಕೀಯಲ್ಲಿ ಸಿಕ್ಕರೆ ಒಸಡಿಗೆ ಚುಚ್ಚುತ್ತವೆ. ಒಣಶುಂಠಿಯಲ್ಲಿ ನಾರು. ಮೊದಲು ಕುಟ್ಟಾಣಿಯಲ್ಲಿ ಜಜ್ಜಿ, ಆಮೇಲೆ ಮಿಕ್ಸರ್, ಆಮೇಲೆ ಅದೇ ಜಾಲರಿ.

ಖಾರಪುಡಿ ಬ್ಯಾಡಗಿಯದೇ ಆಗಲಿ. ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಹಾಕಿದರೆ ತಿನ್ನುವಾಗ ಏನೂ ಅನ್ನಿಸುವುದಿಲ್ಲ. ಖಾರ ಜಿಡ್ಡಿನಲ್ಲಿ ಅಡಗಿ ಕೂತಿದ್ದು, ನುಂಗಿದ ಮೇಲೆ ಗಂಟಲು ಹಿಡಿಯುತ್ತದೆ. ಮಕ್ಕಳಿದ್ದ ಮನೆಯಲ್ಲಿ ಆ ಸಾಹಸ ಬೇಡ.

ಮಸಾಲೆಯನ್ನು ಒಣ ಹಿಟ್ಟಿಗೆ ಸುರಿಯುವುದು ರೂಢಿ. ಅದಕ್ಕಿಂತ ಒಳ್ಳೆಯ ದಾರಿ ಇದೆ. 120 ಗ್ರಾಂ ಬೆಣ್ಣೆಯಲ್ಲಿ 20 ಗ್ರಾಂ ತೆಗೆದು ಸಣ್ಣ ಉರಿಯಲ್ಲಿ ಕರಗಿಸಿ, ಒಲೆ ಆರಿಸಿ, ಮಸಾಲೆ ಹಾಕಿ ಅರ್ಧ ನಿಮಿಷ ಕಲಕಿ. ಒಗ್ಗರಣೆಯ ಲೆಕ್ಕವೇ ಇದು, ಘಮ ಜಿಡ್ಡಿಗೆ ಇಳಿಯುತ್ತದೆ. ಪೂರ್ತಿ ತಣಿದ ಮೇಲೆ ಉಳಿದ ಬೆಣ್ಣೆಗೆ ಸೇರಿಸಿ. ಬಿಸಿಯಿದ್ದಾಗಲೇ ಸೇರಿಸಿದರೆ ಮತ್ತೆ ಹಪ್ಪಳವೇ.

ಕೋಕೋ ಕೊಳ್ಳುವಾಗ ಪಾಕೀಟಿನ ಹಿಂಬದಿ ಓದಿ. ಡ್ರಿಂಕಿಂಗ್ ಚಾಕಲೇಟ್ ಕೋಕೋ ಅಲ್ಲ, ಅದರಲ್ಲಿ ಸಕ್ಕರೆಯದೇ ರಾಜ್ಯ. ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಅಂತಿದ್ದರೆ ಅದು ಕ್ಷಾರ ಹಾಕಿ ಹುಳಿ ತೆಗೆದ ಕಡುಗಪ್ಪು ಕೋಕೋ. ಸೋಡಾಕ್ಕೆ ಕೆಲಸ ಮಾಡಲು ಹುಳಿ ಬೇಕು. ಹುಳಿ ಸಾಲದಿದ್ದರೆ ಅದು ಹಾಗೇ ಉಳಿದು ಸಾಬೂನಿನ ರುಚಿ ಕೊಡುತ್ತದೆ. ಅಂಥ ಕೋಕೋಗೆ ಸೋಡಾ ಬಿಟ್ಟು ಒಂದು ಚಮಚ ಬೇಕಿಂಗ್ ಪೌಡರ್ ಹಾಕಿ. ಚಾಕಲೇಟ್ ಗಟ್ಟಿಯಲ್ಲಿ ಕೋಕೋ ಬಟರ್ ಇರಬೇಕು. ವೆಜಿಟೆಬಲ್ ಫ್ಯಾಟ್ ಅಂತ ಬರೆದಿದ್ದರೆ ಅದು ಕಾಂಪೌಂಡ್, ಬಾಯಲ್ಲಿ ಮೇಣದಂತೆ ಅಂಟುತ್ತದೆ.

ಬೆಣ್ಣೆ, ಬೆಲ್ಲ, ಸಕ್ಕರೆಯನ್ನು ಎರಡೇ ನಿಮಿಷ ತಿರುವಿ, ಮೊಟ್ಟೆ ಸೇರಿಸಿ, ಜರಡಿ ಹಿಡಿದ ಹಿಟ್ಟು, ಕೋಕೋ, ಸೋಡಾ ಹಾಕಿ ಬಿಳಿ ಕಾಣದಂತಾದ ಕೂಡಲೇ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಕುಕೀ ಗಡಸು. ಕೊನೆಗೆ ಚಾಕಲೇಟ್ ಚೂರು. ಮೊಟ್ಟೆ ತಿನ್ನದವರು ಎರಡು ದೊಡ್ಡ ಚಮಚ ಹಾಲಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕಲಸಿ ಹಾಕಬಹುದು. ಮೊಸರು ಹಾಕಿದರೆ ಕೇಕಿನ ಹಾಗೆ ಉಬ್ಬಿ ಮೆತ್ತಗಾಗುತ್ತದೆ.

ರಾಯಚೂರು, ಕೊಪ್ಪಳದ ಮನೆಗಳಲ್ಲಿ ಬಿಳಿಜೋಳದ ಹಿಟ್ಟು ಇದ್ದೇ ಇರುತ್ತದೆ. ಮೈದಾದಲ್ಲಿ 40 ಗ್ರಾಂ ಕಡಿಮೆ ಮಾಡಿ ಅಷ್ಟೇ ಜೋಳದ ಹಿಟ್ಟು ಹಾಕಿ ನೋಡಿ, ಅಂಚು ಮರಳುಮರಳಾಗಿ ಗರಿಯಾಗುತ್ತದೆ, ಚಾಕಲೇಟಿಗೆ ಬಹಳ ಒಪ್ಪುತ್ತದೆ. ಮೂರರಲ್ಲೊಂದು ಪಾಲು ದಾಟಿದರೆ ಹಿಡಿತ ಸಾಲದೆ ಕೈಯಲ್ಲೇ ಪುಡಿಯಾಗುತ್ತದೆ. ಗಿರಣಿಯಿಂದ ಹೊಸದಾಗಿ ಬೀಸಿ ತಂದ ಹಿಟ್ಟೇ ಬೇಕು, ಹಳೆಯದು ಕಹಿ.

ಹಿಟ್ಟನ್ನು 20 ಗ್ರಾಂ ಉಂಡೆ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ. ಕಡಿಮೆಯೆಂದರೆ ಎರಡು ಗಂಟೆ, ಒಂದು ರಾತ್ರಿಯಾದರೆ ಮಸಾಲೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಡಬ್ಬಿ ಮುಚ್ಚದಿದ್ದರೆ ಬೆಣ್ಣೆ ಪಕ್ಕದ ಈರುಳ್ಳಿಯ ವಾಸನೆ ಹೀರುತ್ತದೆ. ಕರೆಂಟು ಹೋಗಿ ಬರುವ ಓಣಿಯವರು ಫ್ರೀಜರ್‌ನಲ್ಲೇ ಇಡುವುದು ಕ್ಷೇಮ.

ಓವನ್ 170 ಡಿಗ್ರಿಗೆ, 15 ನಿಮಿಷ ಮುಂಚೆ ಹಚ್ಚಿಡಿ. ಉಂಡೆಗಳನ್ನು ಎರಡು ಬೆರಳಿನಷ್ಟು ಅಂತರ ಬಿಟ್ಟು ಜೋಡಿಸಿ, ತುಸು ಒತ್ತಿ, 10–11 ನಿಮಿಷ. ಕಪ್ಪು ಕುಕೀಯಲ್ಲಿ "ಕಂದು ಬಣ್ಣ ಬರುವವರೆಗೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅಂಚು ಮುಟ್ಟಿದರೆ ಗಟ್ಟಿ, ನಡುಭಾಗ ಇನ್ನೂ ಹಸಿ ಅನ್ನಿಸುವಾಗಲೇ ತೆಗೆಯಬೇಕು. ಐದು ನಿಮಿಷ ತಟ್ಟೆಯಲ್ಲೇ ಬಿಡಿ, ಆ ಕಾವಿನಲ್ಲಿ ಉಳಿದದ್ದು ಬೇಯುತ್ತದೆ. ಒಳಗೇ ಗಟ್ಟಿಯಾಗಲಿ ಅಂತ ಕಾದವರ ಕುಕೀ ಆರಿದ ಮೇಲೆ ಕಲ್ಲು. ಎರಡನೇ ಸುತ್ತಿಗೆ ಬಿಸಿ ತಟ್ಟೆಯನ್ನೇ ಬಳಸಬೇಡಿ, ನಲ್ಲಿ ನೀರಲ್ಲಿ ತಣಿಸಿ ಒರೆಸಿ. ಮೊದಲ ಸುತ್ತು ಚೆನ್ನಾಗಿ ಬಂದು ಎರಡನೆಯದು ಹರಡಿಕೊಳ್ಳುವುದು ಇದರಿಂದಲೇ.

ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಗೆ ಉಪ್ಪು ಹರಡಿ, ಮೇಲೆ ಎತ್ತರದ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆರಾರು ಕುಕೀ, ಸಣ್ಣ ಉರಿ, ಸುಮಾರು ಹದಿನೈದು ನಿಮಿಷ. ಮುಚ್ಚಳ ಕೂದಲೆಳೆಯಷ್ಟು ಓರೆ ಇರಲಿ, ಇಲ್ಲದಿದ್ದರೆ ಆವಿ ಒಳಗೇ ನಿಂತು ಮೇಲ್ಮೈ ಅಂಟಂಟಾಗುತ್ತದೆ.

ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ. ಬೆಲ್ಲ ತೇವ ಹಿಡಿದಿಡುವುದರಿಂದ ಹತ್ತು ದಿನ ಮೆತ್ತಗಿರುತ್ತವೆ, ರುಚಿ ಕೂಡುವುದು ಎರಡನೇ ದಿನದಿಂದ. ಕಲ್‌ಕಲ್, ಗುಲಾಬಿ ಹೂವಿನಂಥ ಕರಿದ ಕ್ರಿಸ್‌ಮಸ್ ತಿಂಡಿಗಳಿರುವ ಡಬ್ಬಿಗೆ ಮಾತ್ರ ಇವನ್ನು ಸೇರಿಸಬೇಡಿ. ಇದರ ತೇವಕ್ಕೆ ಅವುಗಳ ಗರಿ ಹೋಗುತ್ತದೆ, ಲವಂಗದ ವಾಸನೆಯೂ ಹತ್ತುತ್ತದೆ.